ಮಾಕ್ ಡ್ರಿಲ್ಲಿನಾಗ ಕೇಳಿದ ಕೂಗು

ಬೀಟ್‌ರೂಟ್ ರಸಕ್ಕ ಒಂಚೂರು ಬೆಲ್ಲದ ಪಾಕ ಹಾಕಿದ್ರ ರಕ್ತ ಚರ್ಮದ ಮ್ಯಾಲ ನಿಂದ್ರತೈತಿ, ಇಲ್ಲಂದ್ರ ನೀರು ಮಜ್ಜಿಗಿ ಹಂಗ ಹರದು ಹೋಕ್ಕೈತಿ ಅಂತ ಕ್ಯಾಂಟೀನ್ ಸಂಗಮ್ಮಗ ಕಲಿಸಿಕೊಟ್ಟೋನು ಪರಶುರಾಮನ. ಇವತ್ತು ಆಕಿ ಲೋಟದಾಗ ತಂದುಕೊಟ್ಟ ರಕ್ತ ಮಸ್ತ್ ಬಂದಿತ್ತು, ಗಟ್ಟಿ, ಕೆಂಪು, ಮ್ಯಾಲ ಸ್ವಲ್ಪ ಹೊಳಪು. ಸೇಫ್ಟಿ ಆಫೀಸಿನ ಬಾತ್‌ರೂಮ್ ಕನ್ನಡಿ ಮುಂದ ನಿಂತು ಹಣಿಗೆ ಹಚ್ಚಿಕೊಳ್ಳಾಕ ಬೆರಳು ಅದ್ದಿದ. ಬೆರಳು ಲೋಟದಾಗ ಇತ್ತು, ಹಣಿ ಕನ್ನಡ್ಯಾಗ ಇತ್ತು, ನಡುವ ಇರೋ ಕೈ ಮಾತ್ರ ಏಳವಲ್ದು. ಹೀರೋ ಆಗಿದ್ರ ಇಷ್ಟೊತ್ತಿಗೆ ಕನ್ನಡಿಗೆ ಒಂದು ಗುದ್ದು ಕೊಟ್ಟು, ಒಡದ ಚೂರಿನಾಗ ತನ್ನ ಮುಖ ನೋಡಿಕೊಂಡು ಡೈಲಾಗ್ ಹೊಡಿತಿದ್ದ. ಇಲ್ಲಿ ಕನ್ನಡಿ ಒಡದ್ರ ಅದಕ್ಕೂ ಒಂದು ಇನ್ಸಿಡೆಂಟ್ ರಿಪೋರ್ಟ್ ಬರೀಬೇಕು ಅನ್ನೋದು ನೆನಪಾತು, ನಗು ಬಂತು, ಬಂದ ನಗು ಅರ್ಧಕ್ಕ ನಿಂತು ಹೋತು. ಹ್ವಾದ ವಾರದಿಂದ ಇವನ ನಗು ಹಿಂಗ, ಚಾರ್ಜ್ ಇಲ್ಲದ ಮೊಬೈಲಿನಂಗ, ಮಿಂಚೋದು, ಆರೋದು.

ಈ ಕಾರ್ಖಾನ್ಯಾಗ ಸುಳ್ಳು ಅಪಘಾತಕ್ಕ ಪರ್ಮನೆಂಟ್ ಗಾಯಾಳು ಅಂದ್ರ ಪರಶುರಾಮ. ಮರಿಯಮ್ಮನಹಳ್ಳಿ ರೋಡಿಗೆ ಹತ್ತಿಕೊಂಡಿರೋ ಕಬ್ಬಿಣದ ಕಾರ್ಖಾನಿ. ಆವಾಗಾವಾಗ ಮಾಕ್ ಡ್ರಿಲ್ ಅಂತ ಮಾಡ್ತಾರ. ಅಪಘಾತ ಆದಂಗ ಒಬ್ಬನ್ನ ಮಲಗಿಸೋದು, ಸೈರನ್ ಹೊಡಿಯೋದು, ಸ್ಟ್ರೆಚರ್ ತಂದು ಆ್ಯಂಬುಲೆನ್ಸಿಗೆ ಏರಿಸೋದು, ಕೊನಿಗೆ ಎಲ್ಲಾರೂ ಸಾಲಾಗಿ ನಿಂತು ಫೋಟೋ. ಇವನಿಗೆ ಕೊಟ್ಟ ಹುದ್ದೆ ಸೇಫ್ಟಿ ಅಸಿಸ್ಟೆಂಟ್, ಮಾಡಿದ ಕೆಲಸ ಸಾಯೋದು. ಶಾಕ್ ಹೊಡದು ಸತ್ತಾನ, ಗ್ಯಾಸ್ ಕುಡದು ಸತ್ತಾನ, ಮ್ಯಾಲಿಂದ ಬಿದ್ದು ಸತ್ತಾನ, ಸಾಯೋಕ ಮುಂಚೆ ಒಂದು ಡೈಲಾಗ್ ಬಿಡದ ಸತ್ತಿಲ್ಲ. "ಈ ಮಣ್ಣು ಕೆಂಪಗಿರೋದು ಅದಿರಿಂದ ಅಲ್ಲಲೇ, ನಮ್ಮಪ್ಪನ ಸಿಟ್ಟಿಂದ!" ಅಂತ ಸ್ಟ್ರೆಚರ್ ಮ್ಯಾಲ ಎದ್ದು ಕುಂತು ಹೇಳಿದಾಗ ಜನ ಸೀಟಿ ಹೊಡದಿದ್ರು. ನಿಜವಾದ ಗಾಯಕ್ಕ ಇಲ್ಲಿ ಯಾರೂ ಸೀಟಿ ಹೊಡಿಯಂಗಿಲ್ಲ, ಯಾಕಂದ್ರ ನಿಜವಾದ ಗಾಯ ಇಲ್ಲಿ ಆಗಂಗ ಇಲ್ಲ. ಹಂಗಂತ ಸೇಫ್ಟಿ ಮ್ಯಾನೇಜರ್ ತಿರುಮಲ ಸಾಹೇಬ್ರು ಲೆಕ್ಕ ಹಾಕ್ಯಾರ. ಗಾಯ ಮ್ಯಾಲ, ದುಡಿದ ತಾಸು ಕೆಳಗ ಇಟ್ಟು ಭಾಗಿಸು, ಹತ್ತು ಲಕ್ಷದಿಂದ ಗುಣಿಸು, ಬಂದಿದ್ದು ಗಾಯದ ರೇಟ್. ರೇಟ್ ಕಮ್ಮಿ ಇದ್ರ ಕಾರ್ಖಾನಿ ಸೇಫ್. ಕೆಳಗಿನ ತಾಸು ಉಬ್ಬಸಾಕ ಗಿಡಕ್ಕ ನೀರು ಹಾಕೋ ಹೆಣ್ಮಕ್ಳ ತಾಸೂ ಕೂಡಿಸ್ತಾರ, ಗೇಟಿನಾಗ ತೂಕಡಿಸೋ ವಾಚ್‌ಮನ್ ತಾಸೂ ಕೂಡಿಸ್ತಾರ. ಅದ ಹೆಣ್ಮಗಳ ಕಾಲಿಗೆ ಸಲಿಕಿ ಬಡದ್ರ ಆಕಿ ಗುತ್ತಿಗೆದಾರನ ಕಡ್ಯಾಕಿ, ನಮ್ಮಾಕಿ ಅಲ್ಲ. ಹೊಲಿಗಿ ಹಾಕಿದ್ರ ಗಾಯ, ಪಟ್ಟಿ ಹಚ್ಚಿದ್ರ ಗಾಯ ಅಲ್ಲ. ಮರುದಿನ ಕೆಲಸಕ್ಕ ಬರಲಿಲ್ಲಂದ್ರ ಗಾಯ. ಜೀಪ್ ಕಳಿಸಿ ಎತ್ತಿಕೊಂಡು ಬಂದು ಟೈಂ ಆಫೀಸಿನ ಖುರ್ಚಿ ಮ್ಯಾಲ ಕುಂದ್ರಿಸಿದ್ರ ಗಾಯ ಅಲ್ಲ. ಪರಶುರಾಮ ಸಾಹೇಬ್ರ ದನಿ ಮಾಡಿ ಕ್ಯಾಂಟೀನಿನಾಗ ಹೇಳ್ತಿದ್ದ: "ನೋಡಪಾ, ತಲಿ ಮನ್ಯಾಗ ಬಿಟ್ಟು ಬಂದ್ರೂ ಚಿಂತಿ ಇಲ್ಲ, ಮುಂಡ ಡ್ಯೂಟಿಗೆ ಬಂದದ ಇಲ್ಲೋ, ಅಷ್ಟ ಮುಖ್ಯ." ಜನ ಬಿದ್ದು ಬಿದ್ದು ನಗ್ತಿದ್ರು. ಒಂದಿನ ಸಾಹೇಬ್ರೂ ಹಿಂದ ನಿಂತು ಕೇಳಿ, ಬೆನ್ನು ತಟ್ಟಿ, ನಕ್ಕು ಹೋದ್ರು. ಅವತ್ತ ಗೊತ್ತಾಗಬೇಕಿತ್ತು ಈ ಮುಠ್ಠಾಳಗ. ಯಾರನ್ನ ಆಡಿಕೊಂಡ್ರೋ ಅವರೂ ಬೆನ್ನು ತಟ್ಟಿ ನಕ್ರು ಅಂದ್ರ, ಆ ಜೋಕಿಗೆ ಹಲ್ಲು ಇಲ್ಲ ಅಂತ ಅರ್ಥ.

ನಿನ್ನಿ ಮೇಧಾ ಮೇಡಂ ಬಂದಿಳಿದ್ರು. ಬೆಂಗಳೂರಿನ ಆಡಿಟರ್, ಇವರು ಹೂಂ ಅಂದ್ರ ಕಾರ್ಖಾನಿಗೆ ಸೊನ್ನೆ ಗಾಯದ ಪ್ರಶಸ್ತಿ, ಕೆಲಸಗಾರರಿಗೆಲ್ಲ ಒಂದೊಂದು ಪ್ರೆಶರ್ ಕುಕ್ಕರ್. ಎಸಿ ರೂಮಿನಾಗ ಹ್ವಾದ ವಾರದ ಡ್ರಿಲ್ಲಿನ ವಿಡಿಯೋ ಹಾಕಿದ್ರು. ಮೇಡಂ ಸುಮ್ಮನ ನೋಡ್ತಿದ್ದೋರು ಒಂದು ಕಡೆ ನಿಲ್ಲಿಸಿ, ಹಿಂದಕ್ಕ ತಗೊಂಡು, ಮತ್ತ ಕೇಳಿದ್ರು. "ಈ ಕೂಗು ಇದೆಯಲ್ಲ, ಎಷ್ಟು ನಿಜ ಅನ್ಸುತ್ತೆ. ಯಾರಿದು?" ತಿರುಮಲ ಸಾಹೇಬ್ರು ಪರಶುರಾಮನ ಹೆಗಲ ಮ್ಯಾಲ ಕೈ ಇಟ್ರು. "ನಮ್ಮ ಹುಡುಗ ಮೇಡಂ. ಸಿನಿಮಾಕ್ಕ ಹೋಗಬೇಕಾದಂವ, ಇಲ್ಲಿ ಬಂದು ಕೂತಾನ." ಹೆಗಲ ಮ್ಯಾಲಿನ ಬೆರಳು ಸ್ವಲ್ಪ ಒತ್ತಿದವು. ಮೇಡಂ ಇವನ ಕಡೆ ತಿರುಗಿ, "ನೀವಾ? ಮೈ ಜುಮ್ ಅಂತು ರೀ" ಅಂದ್ರು. ಇವನು ಥ್ಯಾಂಕ್ಸ್ ಮೇಡಂ ಅಂದುಬಿಟ್ಟ. ಅಂದಿದ್ದಷ್ಟ ಅಲ್ಲ, ಎದಿ ಮ್ಯಾಲ ಕೈ ಇಟ್ಟು, ತಲಿ ಬಗ್ಗಿಸಿ, ಕಣ್ಣು ಅರ್ಧ ಮುಚ್ಚಿ ಅಂದ. ಹುಟ್ಟಿದ ಮ್ಯಾಲ ಒಬ್ಬ ಓದಿದ ಹೆಣ್ಮಗಳು ಇವನ ಆ್ಯಕ್ಟಿಂಗ್ ಮೆಚ್ಚಿಕೊಂಡಿದ್ದು ಅದ ಮೊದ್ಲು, ಅದೂ ಇವಂದಲ್ಲ. ಆ ಕೂಗು ಬಂಡ್ರಿ ಊರಿನ ದುರುಗಣ್ಣಂದು.

ದುರುಗಣ್ಣ ಅದಿರು ಸಾಗಿಸೋ ಬೆಲ್ಟಿನ ಕೆಳಗ ಚೆಲ್ಲಿದ್ದನ್ನ ಸಲಿಕಿಲೆ ಬಳದು ಮ್ಯಾಲ ಹಾಕೋ ಕೆಲಸದಂವ. ಡ್ರಿಲ್ಲಿನ ಸ್ಕ್ರಿಪ್ಟಿನಾಗ ಅವನ ಹೆಸರ ಇರಲಿಲ್ಲ. ಸ್ಕ್ರಿಪ್ಟ್ ಪ್ರಕಾರ ಪರಶುರಾಮ ಕಬ್ಬಿಣದ ಏಣಿಯಿಂದ ಬಿದ್ದು ಹಣಿ ಒಡಕೊಂಡು ಮಲಗಿರಬೇಕು, ಬೆಲ್ಟ್ ಹಿಂದ ಓಡ್ತಿರಬೇಕು. "ನಿಂತ ಬೆಲ್ಟ್ ವಿಡಿಯೋದಾಗ ಹೆಣದಂಗ ಕಾಣ್ತದಪಾ" ಅಂದಿದ್ರು ಸಾಹೇಬ್ರು. ಆಮ್ಯಾಲ ಬೆಲ್ಟಿನ ಕೆಳಗ ಅದಿರು ಚೆಲ್ಲಿದ್ದು ಕಂಡು, ಕ್ಯಾಮೆರಾಕ್ಕ ಹೊಲಸು ಕಾಣಬಾರ್ದು ಅಂತ, ಓಡೋ ಬೆಲ್ಟಿನ ಬಾಜೂಕ ದುರುಗಣ್ಣನ್ನ ಬಳಿಯಾಕ ಬಿಟ್ರು. ಸುರಕ್ಷತೆ ಚಂದ ಕಾಣಲಿ ಅಂತ ಮಾಡಿದ ಕೆಲಸ ಅದು. ಪರಶುರಾಮ ಸ್ಟ್ರೆಚರ್ ಮ್ಯಾಲ ಮಲಗಿ, ಡೈಲಾಗಿಗೆ ಉಸಿರು ಎಳಕೊಳ್ಳೋದಕ್ಕೂ ಹಿಂದಿಂದ ಆ ಕೂಗು ಬರೋದಕ್ಕೂ ಸರಿ ಹೋತು. ಮನುಷ್ಯಾರ ದನಿ ಅನ್ನಿಸಲಿಲ್ಲ, ತಗಡು ಹರದಂಗ ಇತ್ತು. ಇವನಿಗೆ ಮದ್ಲು ಆಗಿದ್ದು ಗಾಬರಿ ಅಲ್ಲ. ಹೊಟ್ಟಿಕಿಚ್ಚು. ನನ್ನ ಸೀನ್ ತಿನ್ನಾಕ ಬಂದಾನಲ್ಲ ಇವ್ನು ಯಾವನಲೇ ಅಂತ. ತಲಿ ಎತ್ತಿ ಒದರಿದ: "ಅಣ್ಣಾ, ನಿನಗ ಪಾರ್ಟ್ ಕೊಟ್ಟಿಲ್ಲ, ಓವರಾಕ್ಟಿಂಗ್ ಮಾಡಬ್ಯಾಡ!" ಎಲ್ಲಾರೂ ನಕ್ರು. ಫೈರ್‌ನವ್ರು ನಕ್ರು, ನರ್ಸ್ ನಕ್ಳು, ಫೋಟೋದವನ ಕ್ಯಾಮೆರಾ ನಗಿಗೆ ಅಲ್ಲಾಡಿತು. ಎಷ್ಟೊತ್ತು ನಕ್ರು ಅಂತ ಪರಶುರಾಮ ಲೆಕ್ಕ ಹಾಕಾಕ ಹೋಗಿಲ್ಲ. ಲೆಕ್ಕ ಸಾಹೇಬ್ರ ಇಲಾಖೆ. ನಗ್ತಾ ನಗ್ತಾ ಬೆಲ್ಟ್ ಆಪರೇಟರ್ ಕೊಟ್ರಬಸಪ್ಪ ಒಬ್ಬನ ತಿರುಗಿ ನೋಡಿ, ಬಾಯಾಗಿನ ಗುಟ್ಕಾ ಉಗುಳಿ ಓಡಿ, ಬೆಲ್ಟಿನ ಉದ್ದಕ್ಕೂ ಕಟ್ಟಿರೋ ಹಗ್ಗ ಎಳದ. ಆ ಹಗ್ಗ ಎಳದ್ರ ಬೆಲ್ಟ್ ನಿಂದ್ರತೈತಿ. ನಿಂತಿತು. ದುರುಗಣ್ಣನ ಬಲಗೈ ಮೊಣಕೈ ತನಕ ರೋಲರ್ ಒಳಗ ಇತ್ತು.

ಪರಶುರಾಮನ್ನ ಸ್ಟ್ರೆಚರಿಂದ ಉರುಳಿಸಿ ಅದ ಸ್ಟ್ರೆಚರಿಗೆ ದುರುಗಣ್ಣನ್ನ ಹಾಕಿದ್ರು. ಸೈರನ್ ಆಗಲೇ ಹೊಡಿತಿತ್ತು, ಆ್ಯಂಬುಲೆನ್ಸ್ ಆಗಲೇ ನಿಂತಿತ್ತು. ಇಷ್ಟು ತಯಾರಾದ ಅಪಘಾತ ಈ ಜಿಲ್ಲಾದಾಗ ಯಾವತ್ತೂ ಆಗಿರಾಕಿಲ್ಲ. ಸಂಜಿಕ ಸಾಹೇಬ್ರು ರೂಮಿಗೆ ಕರದು ಚಾ ಕೊಟ್ರು. ಅವರ ಮುಖದಾಗ ದುಃಖ ಇತ್ತು, ಸುಳ್ಳಲ್ಲ, ಬೆಳಿಗ್ಗಿ ಹಣಿಗೆ ಹಚ್ಚಿದ ಅಂಗಾರ ಅಕ್ಷತಿ ಕೂಡ ಬೆವರಿಗೆ ಕಲಸಿ ಹೋಗಿತ್ತು. ಆದ್ರ ದುಃಖದ ಕೆಳಗ ಲೆಕ್ಕ ಓಡ್ತಿತ್ತು. "ನೋಡಪಾ ಪರಶುರಾಮ್, ಸ್ಟ್ರೆಚರ್ ಒಂದ, ಆ್ಯಂಬುಲೆನ್ಸ್ ಒಂದ, ಕ್ಯಾಶುವಲ್ಟಿ ಒಂದ. ಎಲ್ಲಾ ಟ್ಯಾಲಿ ಆಗ್ತದ. ಡ್ರಿಲ್ ನಡೀತು, ನೀ ಬಿದ್ದಿ, ನಿನ್ನ ಒಯ್ದ್ರು, ಅಷ್ಟ. ದುರುಗಣ್ಣ ಪಾಪ, ಮನ್ಯಾಗ ಮಾಳಿಗಿ ಮ್ಯಾಲಿಂದ ಬಿದ್ದಾನ." ವಿಡಿಯೋದಾಗಿನ ಮಾತು, ಜೋಕು, ನಗು ಎಲ್ಲಾ ಕತ್ತರಿಸಿ ಒಗದ್ರು. ಬರೇ ಕೂಗು ಇಟ್ಟುಕೊಂಡ್ರು, ಅದು ಭಾಳ ಚಲೋ ಬಂದಿತ್ತಲ್ಲ. ಪರಶುರಾಮ ಚಾ ಕುಡದ. ಸಕ್ಕರಿ ಜಾಸ್ತಿ ಆಗಿತ್ತು. ಒಳಗ ಎಲ್ಲೋ ಒಂದು ಕಡೆ ಹಾಯ್ ಅನ್ನಿಸಿದ್ದೂ ಖರೆ: ಅಪಘಾತನ ಆಗಿಲ್ಲ ಅಂದ ಮ್ಯಾಲ ಅದರ ಮ್ಯಾಲ ಹೊಡದ ಜೋಕೂ ಆಗಿಲ್ಲ.

ಇವತ್ತು ಬೆಳಿಗ್ಗಿ ಬಸ್ಸಿಂದ ಇಳಿಯೋದ್ರಾಗ ಗೇಟಿನ ಹೊರಗ ಒಬ್ಬ ಹೆಣ್ಮಗಳು ಕುಂತಿದ್ಳು. ಹಿಂದ ಗೋಡಿ ಮ್ಯಾಲ ಹೆಲ್ಮೆಟ್ ಹಾಕಿಕೊಂಡು ನಗೋ ಕುಟುಂಬದ ಚಿತ್ರ, ಮುಂದ ಇಕಿ, ತೊಡಿ ಮ್ಯಾಲ ಆಸ್ಪತ್ರಿ ಚೀಲ. "ಲೇ ತಮ್ಮಾ, ಆಟ ಆಡೋ ಹುಡುಗ ನೀನ ಅಲ್ಲೇನು?" ಅಂತ ಕರದ್ಳು. "ನಾನು ಎರ್ರೆಮ್ಮ. ದುರುಗಣ್ಣನ ಮನಿಯಾಕಿ." ಇವನ ಕಾಲು ಓಡು ಅಂತು, ನಿಂತ. "ಹುಬ್ಬಳ್ಳಿಗೆ ಒಯ್ದು ಆಪರೇಷನ್ ಮಾಡಿಸಿದ್ರ ಕೈ ಉಳಿತೈತಂತ ಡಾಕ್ಟ್ರು ಅಂತಾರ. ಇಲ್ಲಂದ್ರ ನಾಳಿಗೆ ತೆಗಿತಾರಂತ, ಮೊಣಕೈಗೆ. ಕಂಪನ್ಯಾಗ ಆತು ಅಂತ ಒಪ್ಪಿಕೊಂಡ್ರ ಕಂಪನಿನ ಒಯ್ತೈತಿ. ಇವರು ಕೇಳಿದ್ರ ಮಾಳಿಗಿಂದ ಬಿದ್ದಾನ ಅಂತಾರ. ನಮ್ಮ ಮನಿಗೆ ಮಾಳಿಗಿ ಎಲ್ಲಿ ಐತೋ ಯಪ್ಪಾ, ತಗಡಿನ ಶೀಟು! ಅದರ ಮ್ಯಾಲ ಬೆಕ್ಕು ನಿಂದ್ರಂಗಿಲ್ಲ. ನೀ ಅಲ್ಲೇ ಮಲಗಿದ್ದಿಯಂತ. ಇಲ್ಲೇ ಆತು ಅಂತ ಒಂದು ಮಾತು ಹೇಳು, ಸಾಕು." ಪರಶುರಾಮ ಏನರ ಹೇಳಬೇಕು ಅಂತ ಬಾಯಿ ತೆರದ, ಬಾಯಿಂದ ಬಂದಿದ್ದು: "ಹೆದರಬ್ಯಾಡ ತಾಯಿ, ಈ ತಮ್ಮ ಉಸಿರಾಡೋ ತನಕ ನ್ಯಾಯ ಉಸಿರು ಬಿಡೋದಿಲ್ಲ." ದನಿ ಕೂಡ ದಪ್ಪ ಆಗಿತ್ತು, ಹುಬ್ಬು ಕೂಡ ತಾನ ಏರಿತ್ತು. ಎರ್ರೆಮ್ಮ ಇವನ ಮುಖ ನೋಡಿದ್ಳು, ಹಾಲಿನಾಗ ಬಿದ್ದ ಹಲ್ಲಿ ನೋಡಿದಂಗ. "ನಿನ್ನ ಬಾಯಾಗ ಮಣ್ಣ ಬೀಳಲಿ. ಮನುಷ್ಯಾರಂಗ ಮಾತಾಡಾಕ ಬರಂಗಿಲ್ಲೇನು ನಿನಗ?"

ಬರಂಗಿಲ್ಲ. ಅದ ಈಗ ಕನ್ನಡಿ ಮುಂದ ಗೊತ್ತಾಗಾಕತ್ತಿತ್ತು. "ಮೇಡಂ, ಆ ಕೂಗು ನಂದಲ್ಲ" ಅಂತ ಮೆಲ್ಲಕ ಅಂದು ನೋಡಿದ, ಕೋರ್ಟ್ ಸೀನಿನ ಹೀರೋ ಅಂದಂಗ ಆತು. ಇನ್ನೊಮ್ಮೆ ಅಂದ, ಮಗಳ ಲಗ್ನಕ್ಕ ಬಂದು ಕಾಲು ಹಿಡಿಯೋ ಬಡ ತಂದಿ ದನಿ. ಇನ್ನೊಮ್ಮೆ, ಹೀರೋನ ದೋಸ್ತ್, ಕಾಮಿಡಿಯವ್ನು. ತನ್ನ ದನಿ ಯಾವುದು ಅಂತ ಎಂಟನೇ ಕ್ಲಾಸಿನಾಗೋ ಎಲ್ಲೋ ಬಿಟ್ಟು ಬಂದಾನ, ಈಗ ಹುಡುಕಿದ್ರ ಸಿಗವಲ್ದು. ಹಿಂಗ ಹೋಗಿ ಹೇಳಿದ್ರ ಮೇಡಂ ನಗ್ತಾರ. ಮೇಡಂ ನಗಲಿಲ್ಲಂದ್ರೂ ಸಾಹೇಬ್ರು ನಗ್ತಾರ, ಅವರು ನಕ್ಕ ಮ್ಯಾಲ ಮೇಡಂ ನಗ್ತಾರ. ನೌಕರಿ ಹೋಕ್ಕೈತಿ, ಅದು ಹೋದ್ರ ಹೋಗಲಿ ಅನ್ನೋ ಧೈರ್ಯ ನಡುರಾತ್ರಿ ಬಂದಿತ್ತು, ಹಲ್ಲು ತಿಕ್ಕೋದ್ರಾಗ ಹೋಗಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಐತಿ: ಖರೆ ಹೇಳಿದ್ರ ಪೂರ್ತಿ ಹೇಳಬೇಕು. ಕೂಗಿದ ಮ್ಯಾಲ ಏನಾತು ಅಂತ ಮೇಡಂ ಕೇಳ್ತಾರ. ನಕ್ವಿ ಅನ್ನಬೇಕು. ಯಾಕ ಅಂತ ಕೇಳ್ತಾರ.

ಬಾಗಿಲು ಬಡದ ಸದ್ದಾತು. "ಆತೇನಪಾ ಮೇಕಪ್? ಮೇಡಂ ಆ್ಯಕ್ಚುವಲ್ ಸ್ಪಾಟಿನಾಗ ಇನ್ನೊಮ್ಮೆ ನೋಡಬೇಕು ಅಂತ ಕಾಯ್ತಿದ್ದಾರ" ಅಂದ್ರು ತಿರುಮಲ ಸಾಹೇಬ್ರು. ಪರಶುರಾಮ ಲೋಟ ಎತ್ತಿದ. ಹಣಿ ಬಿಟ್ಟ. ಬಲಗೈ ಮೊಣಕೈಯಿಂದ ಕೆಳಗ ಪೂರ್ತಿ ಸುರುವಿಕೊಂಡ. ತಣ್ಣಗ ಇತ್ತು. ಹೊರಗ ಬಂದಾಗ ಸಾಹೇಬ್ರು ನೋಡಿದ್ರು. "ಕೈಗೆ ಯಾಕೋ? ಹಣಿಗೆ ಅಲ್ಲೇನು?" "ಚೆಲ್ಲಿಬಿಡ್ತ್ರಿ ಸರ್." ಸಾಹೇಬ್ರು ಒಂದು ಗಳಿಗಿ ಕೈ ನೋಡಿದ್ರು, ಕಣ್ಣು ಬ್ಯಾರೆ ಕಡೆ ತಿರುಗಿಸಿದ್ರು. "ಇರ್ಲಿ ಬಿಡು. ನೋಡು, ಬೆಲ್ಟ್ ಓಡ್ತಿರ್ತದ, ನೀ ದೂರ ಮಲಗು. ಯಾರೂ ಹಗ್ಗ ಎಳಿಯಂಗಿಲ್ಲ, ಪ್ರೊಡಕ್ಷನ್ ನಿಂದ್ರಂಗಿಲ್ಲ. ನೀ ಆ ಕೂಗು ಒಂದು ಹೊಡದ್ರ ಮುಗೀತು." ದಾರ್‍ಯಾಗ ಸಂಡೂರು ಕಡಿಂದ ಬಂದ ಲಾರಿಗಳು ಅದಿರು ಇಳಿಸಾಕ ಸಾಲು ಹಚ್ಚಿದ್ವು, ಕೆಂಪು ಧೂಳಿನಾಗ ಇವನ ಕೆಂಪು ಕೈ ಏನೂ ಅನ್ನಿಸಲಿಲ್ಲ. "ಹೀರೋ ಬಂದ್ನಪ್ಪೋ" ಅಂದ ಒಬ್ಬ ಡ್ರೈವರ್. ಬ್ಯಾರೆ ದಿನ ಆಗಿದ್ರ ಕಾಲರ್ ಎತ್ತತಿದ್ದ.

ಬೆಲ್ಟಿನ ಹತ್ರ ಅವತ್ತಿನ ಜನನ ನಿಂತಿದ್ರು. ನಕ್ಕ ಬಾಯಿಗಳು ಎಲ್ಲಾ ಹಾಜರು. ಯಾರೂ ಇವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಕುಕ್ಕರ್ ಎಷ್ಟು ಲೀಟರಿಂದು ಅಂತ ನರ್ಸ್ ಫೈರ್‌ನವನ್ನ ಕೇಳಾಕತ್ತಿದ್ಳು. ದುರುಗಣ್ಣನ ಜಾಗದಾಗ ಹೊಸಬ ಒಬ್ಬ ಸಲಿಕಿ ಹಿಡದು ನಿಂತಿದ್ದ. ಕೊಟ್ರಬಸಪ್ಪ ಸೊಂಟಕ್ಕ ವಾಕಿಟಾಕಿ ಸಿಗಿಸಿಕೊಂಡು, ಹಗ್ಗಕ್ಕ ಬೆನ್ನು ಮಾಡಿ ನಿಂತಿದ್ದ. ಮೇಧಾ ಮೇಡಂ ಮೊಬೈಲಿನಾಗ ಸ್ಟಾಪ್‌ವಾಚ್ ತೆರದು, "ಶುರು ಮಾಡಿ, ಟೈಮಿಂಗ್ ನೋಡ್ಕೋತೀನಿ" ಅಂದ್ರು. ಪರಶುರಾಮ ಏಣಿ ಕೆಳಗ ಮಲಗಿದ. ಬೆನ್ನಿಗೆ ಅದಿರಿನ ಹರಳು ಚುಚ್ಚಿದವು. ಮಲಗಿಕೊಂಡು ನೋಡಿದ್ರ ಬೆಲ್ಟ್ ಭಾಳ ದೊಡ್ಡದು ಕಾಣಿಸ್ತಿತ್ತು, ನಿಂದ್ರೋದ ಗೊತ್ತಿಲ್ಲದಂಗ ಹೋಗ್ತಾ ಇತ್ತು. ನನಗ ನನ್ನ ದನಿ ಇಲ್ಲ, ಖರೆ. ಆದ್ರ ಬ್ಯಾರೆಯವರ ದನಿ ಮಾಡಾಕ ಬರ್ತೈತಿ. ಅಷ್ಟ ಬರ್ತೈತಿ ಈ ಸೂಳೆಮಗಗ. ಕಣ್ಣು ಮುಚ್ಚಿದ, ದುರುಗಣ್ಣನ ಬಾಯಿ ನೆನಪು ಮಾಡಿಕೊಂಡ, ಎಲಿ ಅಡಿಕಿಗೆ ಕಪ್ಪಾದ ಹಲ್ಲು, ಎದಿಯಿಂದ ಅಲ್ಲದ ಮೂಗಿನಿಂದ ಏಳೋ ಬಂಡ್ರಿ ಕಡೆ ರಾಗ, ಮತ್ತ ಬಿಟ್ಟ.

"ಯವ್ವಾ... ಕೈ... ಕೈ ಹೋತಲೇ ಕೊಟ್ರಾ... ಹಗ್ಗ ಎಳೀರಲೇ..."

ಹೊಸಬನ ಸಲಿಕಿ ಬಿದ್ದ ಸದ್ದಾತು. ಇವನು ನಿಂದ್ರಲಿಲ್ಲ. ಅದರ ಬೆನ್ನಿಗೆ ತನ್ನ ಮಾತು, ತಾನು ಅವತ್ತು ಒದರಿದ ದನಿಲೆ: "ಅಣ್ಣಾ, ನಿನಗ ಪಾರ್ಟ್ ಕೊಟ್ಟಿಲ್ಲ, ಓವರಾಕ್ಟಿಂಗ್ ಮಾಡಬ್ಯಾಡ!" ಆಮ್ಯಾಲ ನಗು. ಎಲ್ಲಾರ ನಗೂ ಒಂದೊಂದ ಮಾಡಿದ, ನರ್ಸಿನ ಕಿಸಿಕಿಸಿ, ಫೈರ್‌ನವನ ಹೋಹೋ. ನಡುವ ಮತ್ತ ದುರುಗಣ್ಣ, ಈ ಸಲ ಸಣ್ಣ ದನಿ, "ನಗಬ್ಯಾಡ್ರಪ್ಪೋ..." ಅದನ್ನ ಅವತ್ತು ಕೇಳಿದ್ದ ಇವನು. ಕೇಳಿದ್ದು ಈಗ ಬಾಯಿಗೆ ಬಂದಾಗ ಗೊತ್ತಾತು. ಕೊನಿಗೆ ತಿರುಮಲ ಸಾಹೇಬ್ರು: "ಸ್ಟ್ರೆಚರ್ ಒಂದ, ಕ್ಯಾಶುವಲ್ಟಿ ಒಂದ, ಎಲ್ಲಾ ಟ್ಯಾಲಿ ಆಗ್ತದ. ದುರುಗಣ್ಣ ಮಾಳಿಗಿ ಮ್ಯಾಲಿಂದ ಬಿದ್ದಾನ."

ಯಾರೂ ನಗಲಿಲ್ಲ. ಕೊಟ್ರಬಸಪ್ಪ ಯಾವಾಗ ತಿರುಗಿದ್ನೋ ಯಾವಾಗ ಎಳದ್ನೋ, ಹಗ್ಗ ಜೋತು ಬಿದ್ದಿತ್ತು, ಬೆಲ್ಟ್ ನಿಂತು ಹೋಗಿತ್ತು. ಮ್ಯಾಲಿಂದ ಅದಿರಿನ ಹರಳು ಒಂದೊಂದ ಉದುರೋದು ಕೇಳಿಸ್ತಿತ್ತು. ಮೇಡಂ ಸ್ಟಾಪ್‌ವಾಚ್ ಒತ್ತಾಕ ಹೋಗಿ ಬೆರಳು ತಡದ್ರು.

"ತಮಾಷಿ ಹುಡುಗ ಮೇಡಂ" ಅಂದ್ರು ತಿರುಮಲ ಸಾಹೇಬ್ರು. ಅವರ ನಗು ಶುರು ಆತು, ಜೊತಿಗೆ ಯಾರೂ ಬರಲಿಲ್ಲ.

ಕೊಟ್ರಬಸಪ್ಪನ ಸೊಂಟದಾಗ ವಾಕಿಟಾಕಿ ಗೊರಗುಟ್ಟಿತು. ಕಂಟ್ರೋಲ್ ರೂಮು. "ಯಾವನಲೇ ಬೆಲ್ಟ್ ನಿಲ್ಸಿದೋನು? ಏನಾತು ಅಲ್ಲಿ?"

"ಡ್ರಿಲ್ ಅನ್ನು" ಅಂದ್ರು ಸಾಹೇಬ್ರು, ಮೆಲ್ಲಕ.

ಕೊಟ್ರಬಸಪ್ಪ ವಾಕಿಟಾಕಿ ಬಾಯಿಗೆ ಹಿಡದ. "ದುರುಗಣ್ಣನ ಕೈ ಸಿಕ್ಕೈತಿ" ಅಂದ.

"ಆಂ? ಯಾವಾಗ?"

"ಹ್ವಾದ ವಾರ."

ಮೇಡಂ ಕೊಟ್ರಬಸಪ್ಪನ್ನ ನೋಡಿದ್ರು, ಸಾಹೇಬ್ರನ್ನ ನೋಡಿದ್ರು, ಕೆಳಗ ಮಲಗಿದೋನನ್ನ ನೋಡಿದ್ರು. ಆಡಿಟರಿಗೆ ಬರೋ ಪ್ರಶ್ನೆನ ಕೇಳಿದ್ರು. "ಅವರು ಇವತ್ತು ಡ್ಯೂಟಿಗೆ ಬಂದಿದಾರಾ?"

"ಇಲ್ರಿ" ಅಂದ ಪರಶುರಾಮ. ಬರೇ ಅಷ್ಟ. ದನಿ ತೆಳ್ಳಗ ಇತ್ತು, ಯಾರಂಗೂ ಇರಲಿಲ್ಲ. "ಆಸ್ಪತ್ರ್ಯಾಗ ಅದಾನ್ರಿ. ಹೆಂಡ್ತಿ ಗೇಟಿನಾಗ ಕುಂತಾಳ."

"ಮೇಡಂ, ಒಳಗ ಕೂತು ಮಾತಾಡೋಣ, ಇಲ್ಲಿ ಬಿಸಿಲದ" ಅಂತ ಸಾಹೇಬ್ರು ಅಂತಿರೋದ್ರಾಗ ಮೇಡಂ ಗೇಟಿನ ಕಡೆ ಹೊಂಟಿದ್ರು. ಪರಶುರಾಮ ಎದ್ದು ಹಿಂದ ಹಿಂದ ಹೋದ, ಕೈಯಿಂದ ಹನಿ ಬೀಳ್ತಿತ್ತು. ಎರ್ರೆಮ್ಮ ಹೆಲ್ಮೆಟ್ಟಿನ ಗೋಡಿಗೆ ಆತುಕೊಂಡು ಕಣ್ಣು ಮುಚ್ಚಿದ್ಳು.

"ದುರುಗಣ್ಣ ಅವರ ಹೆಂಡತಿ ನೀವೇನಾ? ಅವರಿಗೆ ಎಲ್ಲಿ ಏಟಾಯ್ತು, ಹೇಳಿ" ಅಂದ್ರು ಮೇಡಂ.

ಎರ್ರೆಮ್ಮ ಕಣ್ಣು ತೆರದ್ಳು. ಮೇಡಂ ಮುಖ ಆಕಿಗೆ ಕಾಣಲೇ ಇಲ್ಲ, ಅವರ ಹಿಂದ ನಿಂತೋನ ಕೈ ಕಾಣಿಸ್ತು. ಧಡಕ್ಕನ ಎದ್ಳು, ತೊಡಿ ಮ್ಯಾಲಿನ ಚೀಲ ಬಿತ್ತು, ಸೆರಗು ಎಳದು ಹಲ್ಲಿಂದ ಕಚ್ಚಿ ಹರಿಯಾಕ ಹತ್ತಿದ್ಳು.

"ಅಯ್ಯ ನಿಮ್ಮ ಮನಿ ಹಾಳಾಗ, ನಿಂತು ನೋಡ್ತೀರಲ್ಲ! ನಂದು ಆಮ್ಯಾಲ ಕೇಳ್ರೆವ್ವ, ಮದ್ಲು ಈ ಹುಡುಗನ್ನ ದವಾಖಾನಿಗೆ ಒಯ್ರಿ!"